ದೀಪ ಆರಿಸಬೇಡಿ, ಗಾಳಿ ನೋಡಿ

ಕಾರಿನ ಮೀಟರ್ ಬೋರ್ಡಿನಲ್ಲಿ ಟೈರಿನ ಗಾಳಿಯ ಹಳದಿ ದೀಪ ಹತ್ತಿದಾಗ, ಬೆಂಗಳೂರಿನಿಂದ ತಿಪಟೂರಿನ ಸುತ್ತಲಿನ ನಮ್ಮ ಊರುಗಳಿಗೆ ಬರುವ ನಿಮ್ಮಲ್ಲಿ ಬಹಳ ಜನ ಏನು ಮಾಡುತ್ತೀರಿ ಅಂತ ನೋಡಿದ್ದೇನೆ. ಗುಬ್ಬಿ ದಾಟುವಾಗ ಹತ್ತಿದ್ದನ್ನು ನಿಟ್ಟೂರು ಕಳೆಯುವವರೆಗೂ ಕಂಡೂ ಕಾಣದ ಹಾಗೆ ಓಡಿಸುತ್ತೀರಿ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಕಾಫಿಗೆ ಇಳಿದಾಗ ಟೈರಿಗೆ ಕಾಲಲ್ಲಿ ಎರಡು ಸಲ ಒದ್ದು, "ಗಟ್ಟಿಯಾಗೇ ಇದೆಯಲ್ಲ" ಅನ್ನುತ್ತೀರಿ. ಮತ್ತೆ ಕಾರು ಹತ್ತಿ, ಸೆಟ್ ಬಟನ್ ಒತ್ತಿ ಹಿಡಿದು, ದೀಪ ಆರಿಸಿ, ತಿಪಟೂರಿನ ಕಡೆಗೋ ತುರುವೇಕೆರೆಯ ಕಡೆಗೋ ಹೊರಟೇಬಿಡುತ್ತೀರಿ. ಹಿಂದಿನ ಸೀಟಿನಲ್ಲಿ ಮಕ್ಕಳು, ಪಕ್ಕದಲ್ಲಿ ವಯಸ್ಸಾದ ತಾಯಿ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಇದು ಬಹಳ ಕೆಟ್ಟ ಅಭ್ಯಾಸ.

ಆ ದೀಪವನ್ನು ಒಮ್ಮೆ ಸರಿಯಾಗಿ ಗುರುತು ಹಿಡಿಯಿರಿ. ಟೈರನ್ನು ಅಡ್ಡಕ್ಕೆ ಕೊಯ್ದರೆ ಕಾಣುವ ಆಕಾರ ಅದು: ಕೆಳಗೆ ಸಪಾಟು, ಎರಡು ಬದಿಗೂ ಉಬ್ಬು, ಮೇಲೆ ತೆರೆದ ಬಾಯಿ, ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಹತ್ತಿ ಹಾಗೇ ನಿಂತರೆ ಯಾವುದೋ ಚಕ್ರದಲ್ಲಿ ಗಾಳಿ ಇಳಿದಿದೆ ಅಂತ ಅರ್ಥ. ಕಾರು ಚಾಲೂ ಮಾಡಿದಾಗ ಒಂದು ನಿಮಿಷ, ಒಂದೂವರೆ ನಿಮಿಷ ಮಿಟುಕಿ ಆಮೇಲೆ ನಿಂತರೆ ಗಾಳಿ ಅಳೆಯುವ ವ್ಯವಸ್ಥೆಯೇ ಕೆಟ್ಟಿದೆ ಅಂತ. ಮೊದಲನೆಯದಕ್ಕೆ ಬೇಕಾದ್ದು ಗಾಳಿ, ಎರಡನೆಯದಕ್ಕೆ ಬೇಕಾದ್ದು ಮೆಕ್ಯಾನಿಕ್. ಇವೆರಡನ್ನೂ ಒಂದೇ ಅಂದುಕೊಂಡು ಓಡಾಡಬೇಡಿ.

ಸೆಟ್ ಬಟನ್ ಒತ್ತಿದರೆ ಆಗುವುದೇನು ಅಂತ ತಿಳಿದುಕೊಳ್ಳಿ, ಇಡೀ ವಿಷಯದ ಮರ್ಮ ಅಲ್ಲೇ ಇರುವುದು. ಕಾರುಗಳಲ್ಲಿ ಎರಡು ಥರದ ವ್ಯವಸ್ಥೆ ಇದೆ. ಒಂದರಲ್ಲಿ ಪ್ರತಿ ಚಕ್ರದ ಒಳಗೂ ಒಂದು ಪುಟ್ಟ ಸೆನ್ಸರ್ ಕೂತಿರುತ್ತದೆ. ಅದು ಗಾಳಿಯನ್ನು ನೇರವಾಗಿ ಅಳೆದು ರೇಡಿಯೊ ಮೂಲಕ ಸುದ್ದಿ ಕಳಿಸುತ್ತದೆ. ನಾಲ್ಕು ಚಕ್ರಕ್ಕೂ ಬೇರೆ ಬೇರೆ ಅಂಕಿ ಪರದೆಯ ಮೇಲೆ ಕಂಡರೆ ನಿಮ್ಮದು ಆ ಜಾತಿ. ಇನ್ನೊಂದರಲ್ಲಿ ಗಾಳಿ ಅಳೆಯುವ ಸಾಧನವೇ ಇಲ್ಲ. ಗಾಳಿ ಕಡಿಮೆಯಾದ ಚಕ್ರ ಕೂದಲೆಳೆಯಷ್ಟು ಗಿಡ್ಡವಾಗುತ್ತದೆ, ಗಿಡ್ಡವಾದದ್ದು ಮಿಕ್ಕ ಮೂರಕ್ಕಿಂತ ಸ್ವಲ್ಪ ಜಾಸ್ತಿ ಸುತ್ತು ಸುತ್ತುತ್ತದೆ. ಎಬಿಎಸ್ ಬ್ರೇಕಿಗಾಗಿ ಚಕ್ರದ ವೇಗ ಎಣಿಸುವ ಸೆನ್ಸರುಗಳಿಂದಲೇ ಕಾರು ಆ ವ್ಯತ್ಯಾಸ ಹಿಡಿದು ದೀಪ ಹಚ್ಚುತ್ತದೆ. ಸೆಟ್ ಬಟನ್ ಇರುವುದು ಹೆಚ್ಚಾಗಿ ಈ ಎರಡನೇ ಜಾತಿಯ ಕಾರುಗಳಲ್ಲಿ. ಅದನ್ನು ಒತ್ತುವುದೆಂದರೆ "ಈಗ ನಾಲ್ಕೂ ಟೈರು ಸರಿಯಾಗಿವೆ, ಇದನ್ನೇ ಲೆಕ್ಕಕ್ಕೆ ಹಿಡಿ" ಅಂತ ಕಾರಿಗೆ ಹೇಳುವುದು. ಗಾಳಿ ಇಳಿದಿರುವಾಗಲೇ ಒತ್ತಿದಿರೋ, ಕಡಿಮೆ ಗಾಳಿಯೇ ಸರಿ ಅಂತ ನೀವೇ ಅದಕ್ಕೆ ತಪ್ಪು ಪಾಠ ಹೇಳಿಕೊಟ್ಟಿರಿ. ಆಮೇಲೆ ಅದು ಬಾಯಿ ಮುಚ್ಚಿಕೊಂಡು ಕೂತರೆ ದೂರುವುದು ಯಾರನ್ನು? ಮೊದಲು ಗಾಳಿ, ಆಮೇಲೆ ಬಟನ್. ಈ ಕ್ರಮ ಎಂದೂ ತಿರುಗಮುರುಗ ಆಗಬಾರದು.

ಆ ಎರಡನೇ ಜಾತಿಗೆ ಇನ್ನೊಂದು ಕುಂದಿದೆ. ನಾಲ್ಕೂ ಟೈರು ಸಮನಾಗಿ ನಿಧಾನಕ್ಕೆ ಇಳಿದರೆ ಅದಕ್ಕೆ ಗೊತ್ತಾಗುವುದು ಕಷ್ಟ, ಯಾಕೆಂದರೆ ಹೋಲಿಸಿ ನೋಡಲು ಸರಿಯಾದ ಚಕ್ರವೇ ಉಳಿದಿರುವುದಿಲ್ಲ. ಒಳ್ಳೆಯ ಟೈರೂ ತಿಂಗಳಿಗೆ ಒಂದೆರಡು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ, ಒಂದೊಂದಕ್ಕೂ ಒಂದು ಪಾಯಿಂಟ್ ಅನ್ನುತ್ತಾರೆ) ತಾನಾಗಿಯೇ ಬಿಡುತ್ತದೆ. "ದೀಪ ಹತ್ತಿಲ್ಲ, ಹಾಗಾದರೆ ಎಲ್ಲ ಸರಿಯಿದೆ" ಅಂತ ಆರು ತಿಂಗಳು ಗಾಳಿ ನೋಡಿಸದೆ ಓಡಾಡುವವರು ಇದನ್ನು ಮನಸ್ಸಿನಲ್ಲಿಡಿ.

ಇನ್ನು ನೇರವಾಗಿ ಅಳೆಯುವ ಜಾತಿಯದಾದರೂ ದೀಪ ಹತ್ತುವುದು ಬೇಗ ಅಂದುಕೊಳ್ಳಬೇಡಿ. ಅಮೆರಿಕದ ನಿಯಮದ ಪ್ರಕಾರ ಇರಬೇಕಾದ್ದಕ್ಕಿಂತ ಶೇ. 25ರಷ್ಟು ಇಳಿದಾಗ ದೀಪ ಹತ್ತಿದರೆ ಸಾಕು. ಇರಬೇಕಾದ್ದು 33 ಪಾಯಿಂಟ್ ಅಂತಿಟ್ಟುಕೊಳ್ಳಿ, 25ರ ಹತ್ತಿರ ಬರುವವರೆಗೂ ದೀಪ ಸುಮ್ಮನಿರಬಹುದು. ಎಂಟು ಪಾಯಿಂಟ್ ಹೋದಮೇಲೆ ಸಿಗುವ ಸುದ್ದಿ ಅದು. ಅದನ್ನೂ ನಾಳೆ ನೋಡೋಣ ಅಂತ ತಳ್ಳಿದರೆ ಬೆಂಕಿ ಬಿದ್ದಮೇಲೆ ಬಾವಿ ತೋಡಿದ ಹಾಗೆ.

ಕಡಿಮೆ ಗಾಳಿಯಲ್ಲಿ ಓಡಿಸಿದರೆ ಆಗುವುದೇನು ಅಂತ ಕೇಳುತ್ತೀರಿ. ಟೈರಿನ ಪಕ್ಕೆಗಳು ಪ್ರತಿ ಸುತ್ತಿಗೂ ಬಗ್ಗಿ ಏಳುತ್ತವೆ, ಬಗ್ಗಿದಷ್ಟೂ ಒಳಗೇ ಕಾವು ಹುಟ್ಟುತ್ತದೆ. ಏಪ್ರಿಲ್ ಬಿಸಿಲಿನ ಟಾರು, ತುಂಬಿದ ಕಾರು, ನೂರರ ವೇಗ ಮೂರೂ ಸೇರಿದಾಗ ಒಳಗಿನ ಪದರ ಬಿಟ್ಟುಕೊಂಡು ಟೈರು ಸಿಡಿಯಬಹುದು. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಿಗೆ ಹಾಕಿದ್ದ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಓಡುವಾಗಲೇ ಕಿತ್ತುಬಂದು, ಗಾಡಿಗಳು ಮಗುಚಿ, ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2000ನೇ ಇಸವಿಯಲ್ಲಿ ಕಂಪನಿ 65 ಲಕ್ಷ ಟೈರುಗಳನ್ನು ವಾಪಸು ಕರೆಯಿತು. ಟೈರಿನ ದೋಷದ ಜೊತೆಗೆ ಗಾಳಿ ಕಡಿಮೆ ಇದ್ದ ವಿಷಯವೂ ಆಗ ದೊಡ್ಡ ಚರ್ಚೆಗೆ ಬಂತು. ಅದೇ ವರ್ಷ ಅಲ್ಲಿ ಕಾನೂನು ಆಯಿತು, 2007ರ ಸೆಪ್ಟೆಂಬರಿನಿಂದ ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಈ ದೀಪ ಕಡ್ಡಾಯವಾಯಿತು. ಯುರೋಪಿನಲ್ಲಿ 2014ರ ನವೆಂಬರಿನಿಂದ. ಅಷ್ಟು ಜನರ ಜೀವ ತೆತ್ತು ಬಂದ ದೀಪವನ್ನು ಕಾಫಿ ಕುಡಿಯುವ ಹೊತ್ತಿನಲ್ಲಿ ಆರಿಸಿಬಿಡಬೇಡಿ.

ನಮ್ಮ ದೇಶದಲ್ಲಿ ಎಲ್ಲ ಕಾರಿಗೂ ಇದು ಕಡ್ಡಾಯವಿಲ್ಲ. ಆದರೆ 2020ರ ಅಕ್ಟೋಬರಿನಿಂದ ಒಂದು ನಿಯಮ ಬಂದಿದೆ, ಅದು ನಿಮಗೆ ಗೊತ್ತಿರಲೇಬೇಕು. ಟ್ಯೂಬ್‌ಲೆಸ್ ಟೈರು, ಈ ಗಾಳಿ ದೀಪ, ಪಂಕ್ಚರ್ ಸರಿಮಾಡುವ ಕಿಟ್ ಮೂರೂ ಇದ್ದರೆ ಕಂಪನಿಯವರು ಸ್ಟೆಪ್ನಿ ಕೊಡಬೇಕಾಗಿಲ್ಲ. ಆದ್ದರಿಂದ ಈಗಲೇ ಎದ್ದುಹೋಗಿ ಡಿಕ್ಕಿ ತೆಗೆದು, ಚಾಪೆ ಎತ್ತಿ ನೋಡಿ. ಸ್ಟೆಪ್ನಿ ಇದೆಯೇ, ಬರೀ ಒಂದು ಬಾಟಲಿ ದ್ರವ ಮತ್ತು ಸಣ್ಣ ಪಂಪು ಇದೆಯೇ? ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿಗೆ ಹೋಗುವ ದಾರಿಯಲ್ಲಿ ರಾತ್ರಿ ಹನ್ನೊಂದಕ್ಕೆ ನಿಂತು ಮೊದಲ ಸಲ ಆ ಚಾಪೆ ಎತ್ತುವ ಗತಿ ನಿಮಗೆ ಬರುವುದು ಬೇಡ. ಸ್ಟೆಪ್ನಿ ಇದ್ದರೂ ಅದಕ್ಕೂ ಗಾಳಿ ಬೇಕು ಅನ್ನುವುದನ್ನು ಮರೆಯುತ್ತೀರಿ. ಮಿಕ್ಕ ನಾಲ್ಕಕ್ಕಿಂತ ತೆಳ್ಳಗಿದ್ದರೆ ಅದರ ಮೇಲೆ ವೇಗದ ಮಿತಿ ಬರೆದಿರುತ್ತದೆ, ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಅದು ಪಂಕ್ಚರ್ ಅಂಗಡಿ ಮುಟ್ಟಿಸುವುದಕ್ಕೆ ಕೊಟ್ಟದ್ದು, ಬೆಂಗಳೂರು ಮುಟ್ಟಿಸುವುದಕ್ಕಲ್ಲ.

ಈಗ ಗಾಳಿ ನೋಡುವ ವಿಚಾರ. ನಮ್ಮ ಕಡೆ ಅಟ್ಟದ ಮೇಲಿನ ಕಾಯಿ ಗಿಟುಕಾಗಿದೆಯೋ ಇಲ್ಲವೋ ಅಂತ ಹೊರಗಿನಿಂದ ಕಣ್ಣಲ್ಲಿ ನೋಡಿ ಯಾರೂ ಹೇಳುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ, ಒಳಗೆ ಕೊಬ್ಬರಿ ಗಟಗಟ ಅಂದರೆ ಮಾತ್ರ ಒಡೆಯಲು ಇಳಿಸುತ್ತಾರೆ. ಟೈರೂ ಹಾಗೇ. ಈಗಿನ ರೇಡಿಯಲ್ ಟೈರು ಪೂರ್ತಿ ಗಾಳಿ ಇದ್ದರೂ ಕೆಳಗೆ ಸ್ವಲ್ಪ ಉಬ್ಬಿಯೇ ಇರುತ್ತದೆ. ಎಂಟು ಪಾಯಿಂಟ್ ಇಳಿದದ್ದು ಕಣ್ಣಿಗೂ ಕಾಣದು, ಕಾಲಿಗೂ ತಿಳಿಯದು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂದಿದ್ದಾರೆ ಹಿರಿಯರು. ಕೆಲವು ನೂರು ರೂಪಾಯಿಗೆ ಒಳ್ಳೆಯ ಗೇಜು ಸಿಗುತ್ತದೆ, ಒಂದು ತಂದು ಕಾರಿನಲ್ಲೇ ಇಡಿ.

ಎಷ್ಟು ಗಾಳಿ ಇರಬೇಕು ಅನ್ನುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಡ್ರೈವರ್ ಬಾಗಿಲು ತೆಗೆದರೆ ಕಂಬಕ್ಕೆ ಅಂಟಿಸಿದ ಸ್ಟಿಕ್ಕರ್ ಇರುತ್ತದೆ, ಕೆಲವದರಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ. ಮುಂದಿನ ಚಕ್ರಕ್ಕೆ ಎಷ್ಟು, ಹಿಂದಿನದಕ್ಕೆ ಎಷ್ಟು, ಭಾರ ತುಂಬಿದಾಗ ಎಷ್ಟು, ಎಲ್ಲ ಅದರಲ್ಲೇ ಬರೆದಿರುತ್ತದೆ. ಬಾರ್‌ನಲ್ಲಿ ಬರೆದಿದ್ದರೆ 14.5ರಿಂದ ಗುಣಿಸಿ, 2.3 ಬಾರ್ ಅಂದರೆ ಸುಮಾರು 33 ಪಿಎಸ್‌ಐ. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಗಾಳಿಯ ಅಂಕಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಅದು ಆ ಟೈರು ತಡೆಯುವ ಗರಿಷ್ಠ ಗಾಳಿ, ನಿಮ್ಮ ಕಾರಿಗೆ ಬೇಕಾದ್ದಲ್ಲ. ಬಂಕಿನ ಹುಡುಗ "ಎಷ್ಟು ಹಾಕಲಿ?" ಅಂತ ಕೇಳಿದರೆ "ನೀನೇ ನೋಡಿ ಹಾಕಪ್ಪ" ಅನ್ನಬೇಡಿ. ಅವನು ನಿಮಗಿಂತ ಮುಂಚೆ ಕೊಬ್ಬರಿ ತುಂಬಿದ ಲಗೇಜ್ ಆಟೊಗೆ ಹೊಡೆದಿರುತ್ತಾನೆ, ಅದರ ಹಿಂದೆ ಟ್ರ್ಯಾಕ್ಟರು ಕಾಯುತ್ತಿರುತ್ತದೆ. ಅವನದು ತಪ್ಪಲ್ಲ, ನಿಮ್ಮ ಕಾರಿನ ಅಂಕಿ ನಿಮಗೆ ಬಾಯಿಗೆ ಬರಬೇಕು. ಪೆಟ್ರೋಲ್ ಬಂಕಿನಲ್ಲಿ ಗಾಳಿ ಉಚಿತ, ಆದರೆ ಹೊಡೆದ ಹುಡುಗನಿಗೆ ಹತ್ತು ರೂಪಾಯಿ ಕೊಟ್ಟರೆ ಏನೂ ಕಳೆದುಕೊಳ್ಳುವುದಿಲ್ಲ.

ಗಾಳಿ ನೋಡಬೇಕಾದ್ದು ಟೈರು ತಣ್ಣಗಿದ್ದಾಗ. ಕಾರು ನಿಂತು ಮೂರು ಗಂಟೆಯಾದರೂ ಆಗಿರಬೇಕು, ಓಡಿಸಿದ್ದರೆ ಒಂದೆರಡು ಕಿ.ಮೀ. ಒಳಗಿರಬೇಕು. ಬೆಂಗಳೂರಿನಿಂದ ಓಡಿಸಿಕೊಂಡು ಬಂದು ತಿಪಟೂರಿನಲ್ಲಿ ಗೇಜು ಹಿಡಿದರೆ ಮೂರು ನಾಲ್ಕು ಪಾಯಿಂಟ್ ಹೆಚ್ಚೇ ತೋರಿಸುತ್ತದೆ. "ಅಯ್ಯೋ ಜಾಸ್ತಿ ಆಗಿದೆ" ಅಂತ ಬಿಡಿಸಿಬಿಡಬೇಡಿ, ಬೆಳಿಗ್ಗೆ ಅದೇ ಟೈರು ಕಡಿಮೆಯಾಗಿ ಕೂತಿರುತ್ತದೆ. ಬಿಸಿಯಲ್ಲಿ ಗಾಳಿ ಬಿಡಿಸುವುದು ಎಂದೂ ಬೇಡ, ಕಡಿಮೆ ಕಂಡರೆ ಹಾಕಿಸಿ, ಬೆಳಿಗ್ಗೆ ಮತ್ತೊಮ್ಮೆ ನೋಡಿ.

ಚಳಿಗಾಲದಲ್ಲಿ ನಮ್ಮೂರಿಗೆ ಬಂದವರು ಈ ವಿಷಯಕ್ಕೇ ಗಾಬರಿಯಾಗುತ್ತಾರೆ. ಅವರೆಕಾಯಿ ಕಾಲದಲ್ಲಿ ತೋಟದ ಮನೆಯ ಮುಂದೆ ರಾತ್ರಿ ಕಾರು ನಿಲ್ಲಿಸಿರುತ್ತೀರಿ, ಬೆಳಗಿನ ಜಾವ ಎಡೆಯೂರಿಗೆ ಹೋಗೋಣ ಅಂತ ಹೊರಟರೆ ದೀಪ ಹತ್ತುತ್ತದೆ, ಹತ್ತಾರು ಕಿ.ಮೀ. ಹೋದಮೇಲೆ ತಾನೇ ಆರುತ್ತದೆ. ಪೀಡೆಯೂ ಅಲ್ಲ, ಪವಾಡವೂ ಅಲ್ಲ. ಗಾಳಿ ತಣ್ಣಗಾದರೆ ಕುಗ್ಗುತ್ತದೆ. ಐದಾರು ಡಿಗ್ರಿ ಉಷ್ಣಾಂಶ ಇಳಿದರೆ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ ಹದಿನೈದು ಡಿಗ್ರಿ ಅಂತರ ಬಿದ್ದರೆ ಮೂರು ಪಾಯಿಂಟ್ ಹೋಯಿತು. ಮೊದಲೇ ಅಂಚಿನಲ್ಲಿದ್ದ ಟೈರಿಗೆ ಅಷ್ಟು ಸಾಕು. ತಾನೇ ಆರಿತಲ್ಲ ಅಂತ ಸುಮ್ಮನಾಗಬೇಡಿ. ಗಾಳಿ ಅಂಚಿನಲ್ಲಿದೆ ಅಂತಲೇ ಅದು ಹೇಳಿದ್ದು. ಹಾಕಿಸಿಬಿಡಿ.

ಇನ್ನು ನಮ್ಮ ಸೀಮೆಯ ಖಾಸಾ ರೋಗಕ್ಕೆ ಬರುತ್ತೇನೆ. ಹಬ್ಬಕ್ಕೆ ಬಂದ ಮಕ್ಕಳು ವಾಪಸು ಹೊರಡುವಾಗ ಡಿಕ್ಕಿಯಲ್ಲಿ ಏನೇನು ತುಂಬುತ್ತೀರಿ ಅಂತ ಎಣಿಸಿದ್ದೀರಾ? ಸುಲಿದ ಕಾಯಿ ಒಂದೊಂದು ಅರ್ಧ ಕೆ.ಜಿ. ತೂಗುತ್ತದೆ. ನೂರು ಕಾಯಿಯ ಚೀಲ ಅಂದರೆ 50 ಕೆ.ಜಿ., ಅಂಥವು ಎರಡು. ಅದರ ಮೇಲೆ ರಾಗಿ ಹಿಟ್ಟು, ಹುರುಳಿ, ಹುಣಸೆಹಣ್ಣು, ಹೋಗುವಾಗ ಅತ್ತೆ ತಂದಿಟ್ಟ ಎಳನೀರಿನ ಗೊನೆ. ಒಳಗೆ ಐದು ಜನ. ಹಿಂದಿನ ಟೈರು ಬಂದಾಗ ಇದ್ದ ಗಾಳಿಯಲ್ಲೇ ಇರುತ್ತದೆ. ಮೂವತ್ತು ಕಾಯಿ ಸಾಕು ಅಂದರೆ ತಾಯಿಗೆ ಬೇಜಾರಾಗುತ್ತದೆ, ನನಗೆ ಗೊತ್ತು. ಹಾಗಾದರೆ ತುಂಬಿದ ಭಾರಕ್ಕೆ ಸ್ಟಿಕ್ಕರಿನಲ್ಲಿ ಎಷ್ಟು ಬರೆದಿದೆಯೋ ಅಷ್ಟು ಗಾಳಿಯನ್ನು ಹೊರಡುವ ಮುಂಚೆ ಹಿಂದಿನ ಎರಡಕ್ಕೂ ಹಾಕಿಸಿ. ಗಾಳಿ ಹಾಕಿಸಿದೆ ಅಂತ ಮೂರನೇ ಚೀಲಕ್ಕೆ ಕೈ ಹಾಕಬೇಡಿ, ಕಾರು ಹೊರುವ ಭಾರಕ್ಕೂ ಒಂದು ಮಿತಿ ಇದೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ, ಉಳಿದ ಕಾಯಿಯನ್ನು ಮುಂದಿನ ಸಲ ಒಯ್ಯಿರಿ. ಊರು ಮುಟ್ಟಿ ಚೀಲ ಇಳಿಸಿದಮೇಲೆ, ಟೈರು ತಣ್ಣಗಾದಾಗ ಮತ್ತೆ ಮಾಮೂಲಿ ಅಂಕಿಗೆ ತರಿಸಿ, ಬಟನ್ ಇರುವ ಕಾರಾದರೆ ಸೆಟ್ ಮಾಡಿ.

ಗಾಳಿ ಹಾಕಿಸಿದರೂ ಎರಡು ದಿನಕ್ಕೆ ಅದೇ ಚಕ್ರ ಇಳಿದರೆ ಅದು ಸೋರಿಕೆ, ಹೆಚ್ಚಾಗಿ ಪಂಕ್ಚರ್, ತಪ್ಪನ್ನು ಚಳಿಯ ಮೇಲೆ ಹಾಕಬೇಡಿ. ಟ್ಯೂಬ್‌ಲೆಸ್ ಟೈರು ಚುಚ್ಚಿದ ತಕ್ಷಣ ಪೂರ್ತಿ ಇಳಿಯುವುದಿಲ್ಲ, ಮೊಳೆ ಒಳಗೇ ಇದ್ದುಕೊಂಡು ದಿನಗಟ್ಟಲೆ ಸಣ್ಣಗೆ ಬಿಡುತ್ತಿರುತ್ತದೆ. ನಮ್ಮ ಕಡೆ ಮೊಳೆಗಿಂತ ಜಾಲಿ ಮುಳ್ಳು ಹೆಚ್ಚು. ಕೆರೆ ಅಂಗಳದಲ್ಲಿ, ಬೇಲಿ ಸಾಲಿನಲ್ಲಿ, ತೋಟದ ದಾರಿಯಲ್ಲಿ ಕಾರು ತಿರುಗಿಸುವಾಗ ಹೊಕ್ಕುತ್ತದೆ. ಹೊಕ್ಕಿದ್ದು ಬುಡದಲ್ಲಿ ಮುರಿದು, ಹೊರಗೆ ಎಳ್ಳಿನಷ್ಟು ಕಪ್ಪು ಚುಕ್ಕೆ ಮಾತ್ರ ಉಳಿಯುತ್ತದೆ. ರಬ್ಬರಿನ ಕಪ್ಪಿನಲ್ಲಿ ಅದು ಕಾಣುವುದೇ ಇಲ್ಲ. ಒಂದು ಲೋಟ ನೀರಿಗೆ ಸೋಪು ಕಲಸಿ, ಬಟ್ಟೆ ಅದ್ದಿ, ಟೈರಿನ ಅಚ್ಚಿನ ಮೇಲೆ ಸ್ವಲ್ಪ ಸ್ವಲ್ಪವೇ ಹಿಂಡುತ್ತಾ ಬನ್ನಿ. ಕಾರನ್ನು ಅರ್ಧ ಸುತ್ತು ಮುಂದೆ ತಳ್ಳಿ ಮಿಕ್ಕದ್ದಕ್ಕೂ ಹಚ್ಚಿ. ತೂತಿರುವ ಕಡೆ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಮೇಲೊಂದು ಎದ್ದು ಬೆಳ್ಳಗೆ ಗುಡ್ಡೆಯಾಗುತ್ತವೆ. ಸಿಕ್ಕ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ವಾಲ್ವ್ ಬಾಯಿಗೂ ಒಂದು ತೊಟ್ಟು ಬಿಡಿ, ಎಷ್ಟೋ ಸಲ ಸೋರುವುದು ಅಲ್ಲೇ, ಪಿನ್ ಬಿಗಿ ಮಾಡಿದರೆ ಮುಗಿಯುತ್ತದೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ? ಮುಳ್ಳನ್ನು ಮಾತ್ರ ಅಲ್ಲೇ ಕಿತ್ತು ಎಸೆಯಬೇಡಿ, ಕಿತ್ತರೆ ಗಾಳಿ ಭರ್ರನೆ ಹೋಗುತ್ತದೆ. ಅಂಗಡಿಯವನೇ ಕೀಳಲಿ.

ಪಂಕ್ಚರ್ ಅಂಗಡಿಯಲ್ಲಿ ಬಾಯಿ ಬಿಟ್ಟು ಹೇಳಬೇಕಾದ ಮಾತೊಂದಿದೆ: "ಒಳಗೆ ಸೆನ್ಸರ್ ಇದೆ, ನೋಡಿಕೊಂಡು ಬಿಚ್ಚಪ್ಪ." ಸೆನ್ಸರ್ ಕೂತಿರುವುದು ಸಾಮಾನ್ಯವಾಗಿ ವಾಲ್ವಿನ ಬುಡದಲ್ಲಿ. ಗೊತ್ತಿಲ್ಲದೆ ಅಲ್ಲಿಗೇ ಲಿವರ್ ಹಾಕಿ ಎಬ್ಬಿದರೆ ಮುರಿಯುತ್ತದೆ. ಅಚ್ಚಿನ ಮೇಲಿನ ಸಣ್ಣ ತೂತಿಗೆ ಹೊರಗಿನಿಂದಲೇ ರಬ್ಬರ್ ಬತ್ತಿ ತುಂಬಬಹುದು, ಒಳಗಿನಿಂದ ಪ್ಯಾಚ್ ಹಾಕಿದರೆ ಇನ್ನೂ ಬಾಳಿಕೆ. ಪಕ್ಕೆಯಲ್ಲಿ ತೂತಾಗಿದ್ದರೆ, ತಂತಿ ಬೇಲಿಯ ತುಂಡಿಗೋ ಕಲ್ಲುಕಂಬದ ಮೂಲೆಗೋ ತಾಗಿ ಸೀಳಿದ್ದರೆ, ಯಾರು ಏನೇ ಹೇಳಿದರೂ ರಿಪೇರಿ ಮಾಡಿಸಬೇಡಿ. ಹೊಸ ಟೈರು ಹಾಕಿಸಿ. ಅಲ್ಲಿ ಜಿಪುಣತನ ಸಲ್ಲದು. ಬಾಟಲಿಯ ದ್ರವ ತುಂಬಿದ್ದರೆ ಅದನ್ನೂ ಅಂಗಡಿಯವನಿಗೆ ಹೇಳಿ, ಅದು ತಾತ್ಕಾಲಿಕ, ಒಳಗಿನ ಸೆನ್ಸರಿಗೂ ಮೆತ್ತಿಕೊಳ್ಳಬಹುದು. ನೈಟ್ರೋಜನ್ ಹಾಕಿಸಿ ಅಂದರೆ ನಿಮ್ಮಿಷ್ಟ. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ಅದೇ ಇದೆ, ತಿಂಗಳಿಗೊಮ್ಮೆ ಮಾಮೂಲಿ ಗಾಳಿ ನೋಡಿಸುವವರಿಗೆ ಅದರ ಅಗತ್ಯ ಕಾಣೆ.

ಮಿಟುಕುವ ದೀಪದ ಕಾರು ಐದಾರು ವರ್ಷ ದಾಟಿದ್ದರೆ ಸೆನ್ಸರಿನ ಬ್ಯಾಟರಿ ಸತ್ತಿರಬಹುದು. ಅದು ಐದರಿಂದ ಹತ್ತು ವರ್ಷ ಬರುತ್ತದೆ, ಮುಗಿದರೆ ಸಾಮಾನ್ಯವಾಗಿ ಸೆನ್ಸರನ್ನೇ ಬದಲಿಸಬೇಕು. ಹೊಸದು ಹಾಕಿದಮೇಲೆ ಅದನ್ನು ಕಾರಿಗೆ ಪರಿಚಯ ಮಾಡಿಸುವ ಯಂತ್ರ ಬೇಕು, ಕಂಪನಿ ಸರ್ವಿಸ್ ಸೆಂಟರಿಗೋ ಆ ಯಂತ್ರ ಇರುವ ಟೈರು ಅಂಗಡಿಗೋ ಹೋಗಿ. ಟೈರು ಬದಲಿಸುವ ಹೊತ್ತಿಗೇ ಈ ಕೆಲಸವನ್ನೂ ಮಾಡಿಸಿದರೆ ಎರಡು ಸಲ ಬಿಚ್ಚುವ ಖರ್ಚು ಉಳಿಯುತ್ತದೆ.

ಓಡುವಾಗಲೇ ದೀಪ ಹತ್ತಿತು ಅನ್ನಿ. ಗಕ್ಕನೆ ಬ್ರೇಕ್ ಹಾಕಬೇಡಿ. ಸ್ಟೀರಿಂಗ್ ಎರಡೂ ಕೈಯಲ್ಲಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ವೇಗ ಇಳಿಸಿ, ಇಂಡಿಕೇಟರ್ ಹಾಕಿ ಎಡಕ್ಕೆ ಬನ್ನಿ. ಹೆದ್ದಾರಿಯ ತಿರುವಿನಲ್ಲಿ, ಲಾರಿ ಬರುವ ಕಡೆ ನಿಲ್ಲಿಸಬೇಡಿ, ಗಟ್ಟಿ ಸಮತಟ್ಟು ಜಾಗ ನೋಡಿ. ಮಕ್ಕಳನ್ನು ರಸ್ತೆಯ ಕಡೆಯ ಬಾಗಿಲಿನಿಂದ ಇಳಿಸಬೇಡಿ. ಗೇಜು ಹಿಡಿದು ನೋಡಿದಾಗ ನಾಲ್ಕೈದು ಪಾಯಿಂಟ್ ಕಡಿಮೆ ಇದ್ದು, ಅದು ಇಳಿಯುತ್ತಾ ಹೋಗದಿದ್ದರೆ ನಿಧಾನವಾಗಿ ಹತ್ತಿರದ ಬಂಕಿಗೆ ಹೋಗಿ. ನಿಂತಲ್ಲೇ ಇಳಿಯುತ್ತಿದ್ದರೆ ಚಕ್ರ ಬದಲಿಸಿ, ಇಲ್ಲವೇ ಕಿಟ್ ಬಳಸಿ. ಬರೀ ಡಿಸ್ಕಿನ ಮೇಲೆ ಓಡಿಸಿದರೆ ಟೈರೂ ಹೋಯಿತು, ಡಿಸ್ಕೂ ಹೋಯಿತು.

ವರ್ಷಕ್ಕೆ ನಾಲ್ಕು ಸಲ ಮಾತ್ರ ಮುಟ್ಟುವ, ಊರಿನಲ್ಲೇ ಬಿಟ್ಟುಹೋಗುವ ಕಾರಿನ ಬಗ್ಗೆ ಒಂದು ಮಾತು ಉಳಿದಿದೆ. ನಿಂತ ಕಾರಿನದೂ ಗಾಳಿ ಇಳಿಯುತ್ತದೆ, ಒಂದೇ ಜಾಗದಲ್ಲಿ ಭಾರ ಬಿದ್ದು ಟೈರು ಚಪ್ಪಟೆಯಾಗುತ್ತದೆ. ಮನೆಯಲ್ಲಿರುವ ಯಾರಿಗಾದರೂ ಹದಿನೈದು ದಿನಕ್ಕೊಮ್ಮೆ ಅದನ್ನು ಚಾಲೂ ಮಾಡಿ ಊರಬಾಗಿಲವರೆಗೆ ಒಂದು ಸುತ್ತು ಹಾಕಿಸಲು ಹೇಳಿ. ಹೊರಡುವ ಹಿಂದಿನ ಸಂಜೆಯೇ ಗೇಜು ಹಿಡಿದು ನೋಡಿ, ಹೊರಡುವ ಬೆಳಿಗ್ಗೆ ಅಲ್ಲ, ಬೆಳಿಗ್ಗೆ ಎಲ್ಲರೂ ಅವಸರದಲ್ಲಿರುತ್ತೀರಿ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಯ ತಾರೀಖೂ ಇರುತ್ತದೆ. 2318 ಅಂದರೆ 2018ರ 23ನೇ ವಾರ ತಯಾರಾದದ್ದು. ಓಡಿಲ್ಲದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಪಕ್ಕೆಯಲ್ಲಿ ಸಣ್ಣ ಬಿರುಕು ಕಂಡರೆ ಟೈರು ಅಂಗಡಿಯಲ್ಲಿ ತೋರಿಸಿ. ನೆರಳಾಗುತ್ತದೆ ಅಂತ ಆ ಕಾರನ್ನು ತೆಂಗಿನ ಮರದ ಬುಡದಲ್ಲಿ ನಿಲ್ಲಿಸಿದ್ದರೆ, ಕಾಯಿ ಬೀಳುವ ಮುಂಚೆ ಇವತ್ತೇ ತೆಗೆಸಿ ಕೊಟ್ಟಿಗೆಯ ಪಕ್ಕಕ್ಕೆ ಹಾಕಿಸಿ. ಹಿಂದಕ್ಕೆ ತೆಗೆಯುವ ಮುಂಚೆ ಚಕ್ರದ ದಾರಿಯಲ್ಲಿ ಬಿದ್ದಿರುವ ಜಾಲಿ ಕಡ್ಡಿ, ಬೇಲಿ ತಂತಿ ಗುಡಿಸಲು ಹೇಳುವುದನ್ನು ಮರೆಯಬೇಡಿ.